ಕಾಫಿ ಗಂಡೋ ಹೆಣ್ಣೋ?

ಚಿಕ್ಕಮಗಳೂರಿನ ಯಾವ ಕಾಫಿ ಶಾಪಿಗೆ ಹೋದರೂ ಗೋಡೆಯ ಮೇಲಿನ ಪಟ್ಟಿ ಇಟಾಲಿಯನ್ ಭಾಷೆಯಲ್ಲಿರುತ್ತದೆ. ಎಸ್‌ಪ್ರೆಸೊ, ಕ್ಯಾಪುಚಿನೊ, ಲಾಟೆ, ಮಕಿಯಾಟೊ. ಬೀಜ ನಮ್ಮ ಬೆಟ್ಟದ್ದು, ಹಾಲು ನಮ್ಮ ಡೈರಿಯದ್ದು, ಹೆಸರು ಮಾತ್ರ ಏಳು ಸಮುದ್ರದಾಚೆಯದು. ನಾವು ಕಾಲೇಜಿನ ಹುಡುಗಿಯರು ವರ್ಷಕ್ಕೆ ಒಂದೆರಡು ಸಲ ಯಾರದಾದರೂ ಹುಟ್ಟುಹಬ್ಬದ ನೆಪದಲ್ಲಿ ಅಲ್ಲಿಗೆ ಹೋಗಿ, ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆಯದನ್ನು ಬೆರಳಿಟ್ಟು ತೋರಿಸಿ ಬರುತ್ತೇವೆ. ಹೆಸರು ಹೇಳಲು ನಾಚಿಕೆ.

ಆ ಹೆಸರುಗಳಲ್ಲಿ ನಾಚುವಂಥದ್ದು ಏನೂ ಇಲ್ಲ ಎಂದು ತಿಳಿದದ್ದು ಕಳೆದ ಮಳೆಗಾಲದಲ್ಲಿ. ಲಾಟೆ ಎಂದರೆ ಬರೀ ಹಾಲು. ರೋಮ್ ನಗರದಲ್ಲಿ ಕುಳಿತು ‘ಲಾಟೆ ಕೊಡಿ’ ಎಂದರೆ ಒಂದು ಲೋಟ ಹಾಲು ತಂದಿಡುತ್ತಾರೆ. ಮಕಿಯಾಟೊ ಎಂದರೆ ಕಲೆಯಾದದ್ದು. ಕಪ್ಪು ಕಾಫಿಗೆ ಹಾಲಿನ ಕಲೆ ಬಿದ್ದಿದೆ ಎಂದರ್ಥ. ಎಸ್‌ಪ್ರೆಸೊ ಎಂದರೆ ಒತ್ತಿ ತೆಗೆದದ್ದು. ಕ್ಯಾಪುಚಿನೊಗೆ ಆ ಹೆಸರು ಬಂದದ್ದು ಕ್ಯಾಪುಚಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಕಂದು ಬಣ್ಣದ ನಿಲುವಂಗಿಯಿಂದ. ನಮ್ಮ ಲೈನ್ ಮನೆಗಳಲ್ಲಿ ‘ಕಟ್ಟಾ ಕಾಫಿ’, ‘ಹಾಲ್ ಕಾಫಿ’, ‘ಬೆಲ್ಲದ್ ಕಾಫಿ’ ಅನ್ನುತ್ತಾರಲ್ಲ, ಅಷ್ಟೇ ಸಾದಾ ಮಾತುಗಳು.

ಕಳೆದ ಜುಲೈನಲ್ಲಿ ಮಳೆ ರಜೆ ಎಷ್ಟು ದಿನ ಸಿಕ್ಕಿತ್ತು ಎಂದು ನಿಮಗೆಲ್ಲ ನೆನಪಿರಬಹುದು. ಮೂಡಿಗೆರೆ ಕಡೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ನನ್ನ ಅಬ್ಬಾ ಕಾಫಿ ಖರೀದಿ ಅಂಗಡಿಯೊಂದರಲ್ಲಿ ರೈಟರ್. ಬೆಳೆಗಾರರು ತರುವ ಚೆರ್ರಿ, ಪಾರ್ಚ್‌ಮೆಂಟ್ ತೂಗಿಸಿ, ಮಾಯಿಶ್ಚರ್ ನೋಡಿ, 50 ಕಿಲೋ ಮೂಟೆಯ ಲೆಕ್ಕದಲ್ಲಿ ಬಿಲ್ ಬರೆಯುವುದು ಅವರ ಕೆಲಸ. ಒಂದು ಸಂಜೆ ಮೇಣದಬತ್ತಿ ಬೆಳಕಿನಲ್ಲಿ ನಾನು ಸುಮ್ಮನೆ ಕೇಳಿದೆ, ಇದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ. ‘ಜಾಸ್ತಿ ಇಟಲಿಗೆ’ ಎಂದರು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಎಷ್ಟೋ ವರ್ಷಗಳಿಂದ ಇಟಲಿಯೇ. ನಮ್ಮ ರೊಬಸ್ಟಾ ಸೇರಿಸಿದರೆ ಎಸ್‌ಪ್ರೆಸೊ ಮೇಲೆ ನೊರೆ ಗಟ್ಟಿಯಾಗಿ ನಿಲ್ಲುತ್ತದಂತೆ. ಅಬ್ಬಾ ಮೂವತ್ತು ವರ್ಷದಿಂದ ಆ ದೇಶಕ್ಕೆ ಹೋಗುವ ಮೂಟೆಗಳಿಗೆ ಬಿಲ್ ಬರೆದಿದ್ದಾರೆ, ಆ ಭಾಷೆಯ ಒಂದು ಮಾತನ್ನೂ ಕೇಳಿಲ್ಲ. ಕರೆಂಟ್ ಬಂದ ಮೇಲೆ ಮೊಬೈಲಿನಲ್ಲಿ ಭಾಷೆ ಕಲಿಸುವ ಒಂದು ಉಚಿತ ಆ್ಯಪ್ ಹಾಕಿಕೊಂಡೆ. ಆ್ಯಪ್ ಪಾಠ ಹೇಳುವುದು ಇಂಗ್ಲಿಷಿನ ಮೂಲಕ. ನಾನು ಅದನ್ನು ಕೇಳಿಸಿಕೊಂಡು ಕನ್ನಡ ಅಕ್ಷರಗಳಲ್ಲಿ ನೋಟ್‌ಬುಕ್ಕಿಗೆ ಇಳಿಸತೊಡಗಿದೆ.

ಕನ್ನಡ ಅಕ್ಷರ ಹಿಡಿದದ್ದು ಒಳ್ಳೆಯದೇ ಆಯಿತು. ಇಟಾಲಿಯನ್ನರು ಬರೆದ ಹಾಗೆಯೇ ಓದುತ್ತಾರೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು, ಹೇಳುವುದೊಂದು ಅಲ್ಲ. ಅವರ ಬಹುಪಾಲು ಪದಗಳು ಸ್ವರದಲ್ಲಿ ಮುಗಿಯುತ್ತವೆ. ನಾವೂ ಹಾಗೇ ಅಲ್ಲವೇ? ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು, ಪೆನ್ ಬಂದರೆ ಪೆನ್ನು. ಪೆನ್ನಿಗೆ ಇಟಾಲಿಯನ್ನಿನಲ್ಲಿ ‘ಪೆನ್ನಾ’. ಅವರ ತ, ದ ನಮ್ಮ ತ, ದಗಳೇ. ಕಾಫಿ ಶಾಪಿನಲ್ಲಿ ‘ಲಾಟೆ’ ಆಗಿರುವುದು ಅವರ ಬಾಯಲ್ಲಿ ‘ಲಾತ್ತೆ’.

ಇಂಗ್ಲಿಷ್ ಬಲ್ಲವರಿಗೆ ಅತಿ ಕಷ್ಟವಾಗುವುದು ಒತ್ತಕ್ಷರವಂತೆ. ಆ್ಯಪ್ ಅದಕ್ಕಾಗಿಯೇ ಮೂರು ಪಾಠ ಇಟ್ಟಿದೆ. ‘ಸೇತೆ’ ಎಂದರೆ ಬಾಯಾರಿಕೆ, ‘ಸೆತ್ತೆ’ ಎಂದರೆ ಏಳು. ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಕತೆಗೂ ಕತ್ತೆಗೂ, ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಒಂದನೇ ಕ್ಲಾಸಿನಲ್ಲಿ ಕಲಿತವರಿಗೆ ಇದೇನು ಮಹಾ! ‘ಕಾಸಾ’ ಎಂದರೆ ಮನೆ, ‘ಕಸ್ಸಾ’ ಎಂದರೆ ಕಾಸಿಡುವ ಪೆಟ್ಟಿಗೆ. ಇದನ್ನು ಒಮ್ಮೆ ಕೇಳಿದ ಯಾವ ಕನ್ನಡಿಗನೂ ಮರೆಯಲಾರ.

ಇನ್ನೊಂದು ಖುಷಿ ‘ಞ’. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ, ಆಮೇಲೆ ಜ್ಞಾನ, ಯಜ್ಞ ಬಿಟ್ಟರೆ ಎಲ್ಲೂ ಕಾಣದ ಆ ಬಡಪಾಯಿ ಅಕ್ಷರಕ್ಕೆ ಇಟಾಲಿಯನ್ನಿನಲ್ಲಿ ಕೈತುಂಬ ಕೆಲಸವಿದೆ. ಬಚ್ಚಲುಮನೆ ‘ಬಾಞೊ’. ಆಲೂಗಡ್ಡೆಯ ಒಂದು ತಿಂಡಿ ‘ಞೊಕ್ಕಿ’. ನನ್ನ ಬೆಂಚಿನ ಗೆಳತಿಯ ಮನೆಮಾತು ಮಲಯಾಳಂ. ಅವಳು ದಿನಕ್ಕೆ ನೂರು ಸಲ ‘ಞಾನ್’ ಎನ್ನುವವಳು; ಈ ಪಾಠ ಅವಳಿಗೆ ಬೇಕಾಗಲೇ ಇಲ್ಲ.

ಹಕಾರದ ವಿಷಯವನ್ನೂ ಹೇಳಬೇಕು. ಇಟಾಲಿಯನ್ನರು ಹ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಒಂದು ಇಡೀ ದೇಶ, ಪ್ರೊಫೆಸರುಗಳೂ ಸೇರಿ, ಹ ನುಂಗಿ ಮಾತಾಡುತ್ತದೆ. ನಮ್ಮಲ್ಲಿ ಹಾಲನ್ನು ‘ಆಲು’ ಎಂದವನಿಗೆ ಕ್ಲಾಸಿನಲ್ಲಿ ಎಷ್ಟು ನಗು!

ಕ್ರಿಯಾಪದಗಳಿಗೆ ಬಂದಾಗ ನನಗೆ ಧೈರ್ಯ ಬಂತು. ಮಾತಾಡು ಎಂಬುದಕ್ಕೆ ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ. ಆ್ಯಪ್ಪಿನ ಪಾಠ ಇದನ್ನು ಬಹಳ ಕಷ್ಟ ಎಂದು ಮೊದಲೇ ಹೆದರಿಸುತ್ತದೆ. ಪಕ್ಕದಲ್ಲಿ ನಾನು ಬರೆದುಕೊಂಡದ್ದು: ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾಳೆ, ಮಾತಾಡ್ತೀವಿ, ಮಾತಾಡ್ತೀರಿ, ಮಾತಾಡ್ತಾರೆ. ಆರಕ್ಕೆ ಆರು. ಬಾಲ ನೋಡಿದರೆ ಯಾರು ಮಾತಾಡಿದ್ದು ಎಂದು ಗೊತ್ತಾಗುತ್ತದೆ, ‘ನಾನು’ ‘ನೀನು’ ಎಂದು ಮುಂದೆ ಹೇಳಲೇಬೇಕೆಂದಿಲ್ಲ. ಇನ್ನೂ ಸೊಗಸು ‘ಮಿ ಪ್ಯಾಚೆ ಇಲ್ ಕಾಫ್ಫೆ’. ಇಂಗ್ಲಿಷಿನಲ್ಲಿ ನಾನು ಕಾಫಿಯನ್ನು ಇಷ್ಟಪಡುತ್ತೇನೆ. ನಾನು ಕರ್ತೃ, ಕಾಫಿ ಕರ್ಮ. ಇಟಾಲಿಯನ್ನಿನಲ್ಲಿ ಕಾಫಿ ನನಗೆ ಇಷ್ಟವಾಗುತ್ತದೆ. ಕನ್ನಡದಲ್ಲಿ ‘ನನಗೆ ಕಾಫಿ ಇಷ್ಟ’, ನಮ್ಮ ಮನೆಯಲ್ಲಿ ‘ಮೇರೆಕು ಕಾಫಿ ಪಸಂದ್’. ಇದನ್ನು ಕಲಿಯುವ ಇಂಗ್ಲಿಷ್ ಮಕ್ಕಳು ವಾಕ್ಯವನ್ನು ತಲೆಕೆಳಗು ಮಾಡಿಕೊಳ್ಳಬೇಕು. ನಾವು ಹುಟ್ಟಿದ್ದೇ ಆ ಕಡೆ ತಲೆಯಿಟ್ಟು.

ಎಲ್ಲವೂ ಹೀಗೆ ಸಲೀಸು ಎಂದುಕೊಳ್ಳಬೇಡಿ. ಕನ್ನಡದಲ್ಲಿ ‘ನನಗೆ 17 ವರ್ಷ’, ‘ನನಗೆ ಹಸಿವು’. ಅಲ್ಲಿ ವರ್ಷವನ್ನೂ ಹಸಿವನ್ನೂ ಕೈಯಲ್ಲಿ ಹಿಡಿದುಕೊಂಡಿರಬೇಕು: ನನ್ನ ಬಳಿ 17 ವರ್ಷಗಳಿವೆ, ನನ್ನ ಬಳಿ ಹಸಿವಿದೆ ಎಂದ ಹಾಗೆ. ಹಿರಿಯರನ್ನು ಗೌರವದಿಂದ ಮಾತಾಡಿಸಲು ಅವರಲ್ಲಿ ‘ಲೇಯ್’ ಎನ್ನಬೇಕು. ಆ ಪದಕ್ಕೆ ಅವಳು ಎಂಬ ಅರ್ಥವೂ ಇದೆ! ಅಂದರೆ ನಮ್ಮ ಪ್ರಿನ್ಸಿಪಾಲ್ ಸರ್ ಅವರನ್ನು ಮಾತಾಡಿಸುವಾಗ ಕ್ರಿಯಾಪದ ‘ಬರುತ್ತಾಳೆ’ ಎಂಬುದಕ್ಕೆ ಹೇಗೋ ಹಾಗೆ ಬರುತ್ತದೆ. 1938ರಲ್ಲಿ ಮುಸೊಲಿನಿಯ ಸರ್ಕಾರ ಈ ‘ಲೇಯ್’ ಬೇಡ, ಇದು ಗಂಡಸುತನಕ್ಕೆ ಕುಂದು ಎಂದು ಅದರ ಮೇಲೆ ದಂಡೆತ್ತಿ ಹೋಯಿತು. ಸರ್ಕಾರ ಹೋಯಿತು, ‘ಲೇಯ್’ ಉಳಿಯಿತು.

ಇನ್ನು ಲಿಂಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಈ ಬರಹಕ್ಕೆ ಕುಳಿತದ್ದೇ ಇದಕ್ಕಾಗಿ.

ಇಟಾಲಿಯನ್ನಿನಲ್ಲಿ ನಪುಂಸಕಲಿಂಗವಿಲ್ಲ. ಮೇಜು, ಮರ, ಮಳೆ, ಮೊಬೈಲು, ಎಲ್ಲವೂ ಒಂದೋ ಗಂಡು, ಇಲ್ಲ ಹೆಣ್ಣು. ‘ಓ’ದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು, ‘ಆ’ದಲ್ಲಿ ಮುಗಿದರೆ ಸಾಮಾನ್ಯವಾಗಿ ಹೆಣ್ಣು, ‘ಎ’ದಲ್ಲಿ ಮುಗಿದರೆ ಹುಡುಕಿ ನೋಡಬೇಕು. ಕೈಗೆ ‘ಮಾನೊ’, ‘ಓ’ದಲ್ಲಿ ಮುಗಿದೂ ಹೆಣ್ಣು. ನಮ್ಮ ಗುಂಪಿನಲ್ಲಿ ಇನ್ನೊಬ್ಬ ಗೆಳತಿಯಿದ್ದಾಳೆ, ಕಳಸದ ಕಡೆಯವಳು, ಮನೆಮಾತು ಕನ್ನಡ. ಅವಳು ಮೊದಲ ದಿನವೇ ಕೇಳಿದಳು: ‘ಕುರ್ಚಿ ಹೆಣ್ಣು ಅಂತ ಹೇಗೆ ಗೊತ್ತಾಗುತ್ತೆ? ಯಾರು ನಿರ್ಧಾರ ಮಾಡಿದ್ದು?’ ನನಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಕುರ್ಚಿ ಹೆಣ್ಣೇ ಅಲ್ಲವೇ? ‘ಕುರ್ಸಿ ಟೂಟ್ ಗಯಿ’ ಎನ್ನುತ್ತೇವೆ, ‘ಟೂಟ್ ಗಯಾ’ ಎನ್ನುವುದಿಲ್ಲ. ನಮ್ಮ ಮನೆಮಾತು ದಖನಿ ಉರ್ದು. ಅದರಲ್ಲಿ ರೊಟ್ಟಿ ಹೆಣ್ಣು, ಅನ್ನ ಗಂಡು, ರಾತ್ರಿ ಹೆಣ್ಣು, ಹಗಲು ಗಂಡು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಹುಟ್ಟಿನಿಂದ ಬಾಯಲ್ಲಿದೆ.

ನಾನು ಹೋದೆ ಎಂದು ಕನ್ನಡದಲ್ಲಿ ಗಂಡೂ ಹೆಣ್ಣೂ ಒಂದೇ ರೀತಿ ಹೇಳುತ್ತಾರೆ. ನಮ್ಮಲ್ಲಿ ಹುಡುಗ ‘ಮೈ ಗಯಾ’, ಹುಡುಗಿ ‘ಮೈ ಗಯಿ’. ಇಟಾಲಿಯನ್ನಿನಲ್ಲಿ ಹುಡುಗ ‘ಸೊನೊ ಅಂದಾತೊ’, ಹುಡುಗಿ ‘ಸೊನೊ ಅಂದಾತಾ’. ಈ ಪಾಠ ಕೇಳುವಾಗ ಯಾರೋ ನಮ್ಮ ಮನೆಯ ಬಾಗಿಲು ತಟ್ಟಿದ ಹಾಗಾಯಿತು. ದಖನಿ ಅಂದರೆ ಉರ್ದು ಕೆಟ್ಟು ಹೋದದ್ದು, ಅದಕ್ಕೆ ವ್ಯಾಕರಣವಿಲ್ಲ ಎಂದು ಕೇಳಿಕೊಂಡೇ ಬೆಳೆದವರು ನಾವು. ‘ನಕ್ಕೊ’, ‘ಹೌ’, ‘ಕೈಕು’ ಎಂದರೆ ಉತ್ತರದ ಉರ್ದು ಬಲ್ಲವರೂ ನಗುತ್ತಾರೆ, ಕನ್ನಡದವರೂ ನಗುತ್ತಾರೆ. ಇಟಾಲಿಯನ್ ವ್ಯಾಕರಣದ ಆರನೇ ಪಾಠಕ್ಕೆ ಬೇಕಾದದ್ದು ಆ ಮಾತಿನೊಳಗೆ ಮೊದಲೇ ಇತ್ತು.

ನನ್ನ ದಾದಿಯ ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ. ದಾದಿ ನಲವತ್ತು ವರ್ಷ ಎಸ್ಟೇಟಿನಲ್ಲಿ ಹಣ್ಣು ಕುಯ್ದವರು. ಲೈನಿನಲ್ಲಿ ತಮಿಳರಿದ್ದರು, ತುಳುವಿನವರಿದ್ದರು, ಬ್ಯಾರಿಗಳಿದ್ದರು, ಘಟ್ಟದ ಮೇಲಿನ ಕನ್ನಡದವರಿದ್ದರು. ಎಲ್ಲರ ಜೊತೆಗೂ ಅವರವರ ಮಾತಿನಲ್ಲಿ ಜಗಳವಾಡುವಷ್ಟು, ಅವರವರ ಮನೆಯ ಬಾಣಂತನಕ್ಕೆ ಹೋಗಿ ಬರುವಷ್ಟು ಭಾಷೆ ದಾದಿಗೆ ಬರುತ್ತದೆ. ಒಂದಕ್ಷರ ಓದಲು ಬಾರದು. ಅವರ ಕನ್ನಡದಲ್ಲಿ ಒಂದು ವಿಶೇಷ: ಎಲ್ಲರೂ ‘ಬಂತು’, ಎಲ್ಲರೂ ‘ಹೋಯ್ತು’. ‘ನಿಮ್ದು ಮಗ ಬಂತಾ?’ ‘ಡಾಕ್ಟ್ರು ಹೋಯ್ತಾ?’ ಸಿನಿಮಾಗಳಲ್ಲಿ ಹಾಸ್ಯಕ್ಕೆಂದು ಒಬ್ಬ ಸಾಬಿ ಬಂದು ‘ನಮ್ದು ನಿಮ್ದು’ ಎಂದು ಮಾತಾಡುತ್ತಾನಲ್ಲ, ಹಾಗೆ. ಎರಡು ವರ್ಷದ ಹಿಂದೆ ಕಣ್ಣು ತೋರಿಸಲು ಕರೆದುಕೊಂಡು ಹೋದಾಗ ಒಂದು ಕಡೆ ಚೀಟಿ ಬರೆಯುವವರು ದಾದಿಯ ಮಾತನ್ನು ಹಾಗೇ ಅಣಕಿಸಿ ಪಕ್ಕದವರಿಗೆ ಹೇಳಿದರು. ಇಬ್ಬರೂ ನಕ್ಕರು. ಅಂಥ ಕೆಟ್ಟವರೇನಲ್ಲ, ಕೆಲಸ ಬೇಗ ಮಾಡಿಕೊಟ್ಟರು. ಆದರೆ ಅಂದಿನಿಂದ ದಾದಿ ಪೇಟೆಯಲ್ಲಿ ಕನ್ನಡ ಮಾತಾಡುವುದಿಲ್ಲ. ರೇಷನ್ ಅಂಗಡಿಗೂ ಬ್ಯಾಂಕಿಗೂ ನಾನು ಜೊತೆಯಲ್ಲಿ ಹೋಗಬೇಕು. ನನ್ನ ಕಿವಿಯಲ್ಲಿ ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಹೇಳಬೇಕು.

ಕಳಸದ ಗೆಳತಿ ಇಟಾಲಿಯನ್ ಕಲಿಯುವುದನ್ನು ನೋಡುವಾಗ ನನಗೆ ದಾದಿಯ ‘ಬಂತು’ ಅರ್ಥವಾಯಿತು. ಗೆಳತಿಯ ಕನ್ನಡದಲ್ಲಿ ಕುರ್ಚಿ, ಮಳೆ, ಮೇಜಿಗೆಲ್ಲ ಒಂದೇ ಡಬ್ಬಿ: ಅದು. ಈಗ ಆ ಒಂದು ಡಬ್ಬಿಯನ್ನು ಬಿಚ್ಚಿ ಎರಡಕ್ಕೆ ಹಂಚಬೇಕು, ಯಾವುದು ಯಾವುದಕ್ಕೆ ಎಂದು ತಿಳಿಯದು. ಅವಳು ಕಂಡುಕೊಂಡ ಉಪಾಯವೆಂದರೆ ಎಲ್ಲವನ್ನೂ ಗಂಡು ಮಾಡಿಬಿಡುವುದು. ಎಲ್ಲಕ್ಕೂ ‘ಇಲ್’, ‘ಇಲ್’, ‘ಇಲ್’. ಬಹಳ ಜಾಣತನದ ಉಪಾಯ, ಅರ್ಧಕ್ಕರ್ಧ ಸರಿಯಾಗುತ್ತದೆ. ದಾದಿ ಬಂದದ್ದು ಎದುರು ದಿಕ್ಕಿನಿಂದ. ಅವರ ಮಾತಿನಲ್ಲಿ ಎರಡು ಡಬ್ಬಿ, ಕನ್ನಡದಲ್ಲಿ ಮೂರು. ಅದರಲ್ಲೂ ಕನ್ನಡ ಮನುಷ್ಯರಿಗೆ ‘ಅನು’, ‘ಅಳು’ ಎಂದು ಬಾಲ ಹಚ್ಚುತ್ತದೆ, ಉಳಿದದ್ದಕ್ಕೆಲ್ಲ ಬೇರೆ. ಯಾರೂ ಕೂರಿಸಿ ಕಲಿಸದ ಹೆಂಗಸು, ತಲೆಯ ಮೇಲೆ ಹಣ್ಣಿನ ಮೂಟೆ ಹೊತ್ತುಕೊಂಡು ನಡೆಯುವಾಗ ಕಿವಿಗೆ ಅತಿ ಹೆಚ್ಚು ಬಿದ್ದದ್ದನ್ನು ಹಿಡಿದುಕೊಂಡರು: ಮಳೆ ಬಂತು, ಲಾರಿ ಬಂತು, ಕರೆಂಟ್ ಹೋಯ್ತು. ಅದನ್ನೇ ಎಲ್ಲರಿಗೂ ಹಂಚಿದರು. ಗೆಳತಿಯದು, ದಾದಿಯದು ಒಂದೇ ಲೆಕ್ಕ. ಗೆಳತಿಗೆ ಆ್ಯಪ್ ‘ಪರವಾಗಿಲ್ಲ, ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ.

ಮತ್ತೆ, ಕನ್ನಡವೇ ಈ ವಿಷಯದಲ್ಲಿ ಒಂದೇ ಥರ ಇದೆಯೇ? ‘ಮಗು ಬಂತು’ ಎಂದರೆ ಯಾರೂ ನಗುವುದಿಲ್ಲ, ಮಗು ಮನುಷ್ಯನೇ ಆದರೂ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ‘ಅದು’ ಎನ್ನುವುದು ವಾಡಿಕೆ, ಅದನ್ನು ಭಾಷಾಶಾಸ್ತ್ರದವರು ಉಪಭಾಷೆಯ ಲಕ್ಷಣ ಎಂದು ಬರೆಯುತ್ತಾರೆ. ಬರೆಯಬೇಕಾದದ್ದೇ. ದಾದಿಯದನ್ನು ಮಾತ್ರ ಹಾಸ್ಯದ ಸೀನಿಗೆ ಇಟ್ಟುಕೊಂಡಿದ್ದಾರೆ.

ಇದನ್ನೆಲ್ಲ ದಾದಿಗೆ ಹೇಳಿದೆ. ವ್ಯಾಕರಣದ ಭಾಗ ಅವರಿಗೆ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ, ಇಟಲಿಯವರು ಕಾಫಿಗೆ ಏನನ್ನುತ್ತಾರೆ? ನಮ್ಮ ಮನೆಯಲ್ಲಿ ಕಾಫಿ ಹೆಣ್ಣು, ‘ಕಾಫಿ ಠಂಡಿ ಹೋಗಯಿ’. ನೀರು ಗಂಡು, ‘ಪಾನಿ ಠಂಡಾ ಹೋಗಯಾ’. ಇಟಲಿಯಲ್ಲಿ ಸರಿಯಾಗಿ ಉಲ್ಟಾ. ಕಾಫಿ, ‘ಇಲ್ ಕಾಫ್ಫೆ’, ಗಂಡು. ನೀರು, ‘ಆಕ್ವಾ’, ಹೆಣ್ಣು. ದಾದಿ ಕೈಯಲ್ಲಿದ್ದ ಲೋಟ ನೋಡಿದರು, ನನ್ನ ಮುಖ ನೋಡಿದರು. ‘ಕಾಫಿ ಮರ್ದ್ ಕೈಸಾ ಹೋತಾ ಬೇಟಿ?’ ಕಾಫಿ ಗಂಡು ಹೇಗಾಗುತ್ತದೆ? ನಲವತ್ತು ವರ್ಷ ಕುಯ್ದವರಿಗೆ ಗೊತ್ತಿರುವುದಿಲ್ಲವೇ?

ನಾನು ಆಮೇಲೆ ಹುಡುಕಿದೆ. ಮದ್ರಸದಲ್ಲಿ ಅರೇಬಿಕ್ ಕಲಿತವರಿಗೆ ಗೊತ್ತು, ‘ಖಹ್ವಾ’ ಸ್ತ್ರೀಲಿಂಗ. ಅರಬರಿಂದ ತುರ್ಕರಿಗೆ ಹೋಗಿ ‘ಕಹ್ವೆ’ ಆಯಿತು; ತುರ್ಕಿ ಭಾಷೆಯಲ್ಲಿ ಲಿಂಗವೇ ಇಲ್ಲ. ಅಲ್ಲಿಂದ ವೆನಿಸ್ಸಿನ ವ್ಯಾಪಾರಿಗಳ ಬಾಯಿಗೆ ಬಂದು ‘ಕಾಫ್ಫೆ’, ಗಂಡು. ಮುಂದೆ ಇಂಗ್ಲಿಷಿಗೂ ಹೋಗಿ ನಮ್ಮ ಊರಿಗೆ ‘ಕಾಫಿ’ಯಾಗಿ ಬಂದಾಗ ಕನ್ನಡ ಅದನ್ನು ನಪುಂಸಕ ಮಾಡಿತು, ನಮ್ಮ ದಖನಿ ಮತ್ತೆ ಹೆಣ್ಣು ಮಾಡಿತು. ಆಗ ದಾದಿಯ ಕಡೆಯೇ ನ್ಯಾಯವಿದೆ, ಮೂಲದಲ್ಲಿ ಅದು ಹೆಣ್ಣೇ. ಬಾಬಾ ಬುಡನ್ ಏಳು ಬೀಜ ತಂದರೆಂದು ಹೇಳುವ ಯೆಮೆನ್ ದೇಶದ ಮೋಖಾ ಬಂದರಿನ ಹೆಸರೂ ಇಟಲಿಯ ಮನೆಮನೆಯಲ್ಲಿದೆ. ಒಲೆಯ ಮೇಲಿಟ್ಟು ಕಾಫಿ ಮಾಡುವ ಎಂಟು ಮುಖದ ಅಲ್ಯೂಮಿನಿಯಂ ಪಾತ್ರೆಗೆ ಅವರು ‘ಮೋಕಾ’ ಎನ್ನುತ್ತಾರೆ. ಬ್ಯಾಲೆತ್ತಿ ಕಂಪನಿ ಅದನ್ನು ತಂದದ್ದು 1933ರಲ್ಲಿ. ಚಂದ್ರದ್ರೋಣ ಪರ್ವತಕ್ಕೂ ಆ ಪಾತ್ರೆಗೂ ಬೇರು ಒಂದೇ ಬಂದರಿನಲ್ಲಿ.

ಇಟಾಲಿಯನ್ ಪದಕೋಶದಲ್ಲಿ ಅರಬ್ಬಿ ಪದಗಳು ಎಷ್ಟಿವೆ ಎಂದರೆ, ಶಬ್ದಪಟ್ಟಿ ಮಾಡುವಾಗ ಒಂದು ಹಂತದಲ್ಲಿ ಮದ್ರಸದ ನೋಟ್‌ಬುಕ್ ಯಾವುದು, ಇಟಾಲಿಯನ್ ನೋಟ್‌ಬುಕ್ ಯಾವುದು ಎಂದು ತಮಾಷೆ ಮಾಡುವಂತಾಯಿತು. ಸಿಸಿಲಿ ದ್ವೀಪ 9ನೇ ಶತಮಾನದಿಂದ 11ನೇ ಶತಮಾನದವರೆಗೆ ಮುಸ್ಲಿಂ ಆಳ್ವಿಕೆಯಲ್ಲಿತ್ತು; ಮೆಡಿಟರೇನಿಯನ್ ವ್ಯಾಪಾರವಂತೂ ಅದಕ್ಕಿಂತ ದೊಡ್ಡದು. ಸಕ್ಕರೆಗೆ ‘ತ್ಸುಕ್ಕೆರೊ’: ಸಂಸ್ಕೃತದ ಶರ್ಕರಾ, ಪಾರ್ಸಿಯ ಶಕರ್, ಅರಬ್ಬಿಯ ಸುಕ್ಕರ್ ದಾಟಿ ಹೋದದ್ದು. ಹತ್ತಿಗೆ ‘ಕೊತೋನೆ’, ಅರಬ್ಬಿಯ ಕುತ್ನ್. ಸುಂಕದ ಕಟ್ಟೆಗೆ ‘ದೊಗಾನಾ’, ಅದು ದಿವಾನ್ ಎಂಬುದರಿಂದ ಬಂದದ್ದು. ಮೈಸೂರಿನ ದಿವಾನರೂ ಅದೇ ಪದದ ಇನ್ನೊಂದು ಕವಲು. ಉಗ್ರಾಣಕ್ಕೆ ‘ಮಗಜ್ಜೀನೊ’, ಅರಬ್ಬಿಯ ಮಖಾಜಿನ್. ಖಜಾನೆಯೂ ಅದೇ ಧಾತುವಿನದು. ಅದೇ ಪದ ಇಂಗ್ಲಿಷಿಗೆ ಹೋಗಿ ಮ್ಯಾಗಜೀನ್ ಆಯಿತು. ಅಂದರೆ ಈಗ ನೀವು ಕೈಯಲ್ಲಿ ಹಿಡಿದಿರುವುದೂ ಒಂದು ಉಗ್ರಾಣ.

‘ಇಟಾಲಿಯನ್ ಕಲಿತು ಏನು ಮಾಡ್ತಿ? ಅಕೌಂಟೆನ್ಸಿ ನೋಡ್ಕೊ’ ಎಂದು ಮನೆಗೆ ಬಂದವರೆಲ್ಲ ಹೇಳುತ್ತಾರೆ. ನಾನು ವಾಣಿಜ್ಯ ವಿಭಾಗದವಳು. ಅವರಿಗೆ ಉತ್ತರ ಅಕೌಂಟೆನ್ಸಿಯಲ್ಲೇ ಇದೆ. ಜಮಾ ಖರ್ಚಿನ ದ್ವಿನಮೂದು ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದವನು ಲೂಕಾ ಪಚೋಲಿ, 1494ರಲ್ಲಿ, ವೆನಿಸ್ಸಿನಲ್ಲಿ. ಪಂಡಿತರ ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ಬರೆದ. ಅವನು ಹೇಳುವ ದಿನವಹಿ ಪುಸ್ತಕ ‘ಜೋರ್ನಾಲೆ’. ‘ಜೋರ್ನೊ’ ಎಂದರೆ ದಿನ. ‘ಬ್ವೊನ್ ಜೋರ್ನೊ’ ಎಂದು ನಮಸ್ಕಾರ ಹೇಳುವುದರಲ್ಲೂ ಅದೇ ದಿನ. ಬ್ಯಾಂಕು ‘ಬಾಂಕೊ’ದಿಂದ, ಅದು ಸರಾಫರು ಕೂರುತ್ತಿದ್ದ ಬೆಂಚು. ಜೀರೊ ಕೂಡ ಅಲ್ಲಿಂದಲೇ: ನಮ್ಮ ಶೂನ್ಯ, ಅರಬ್ಬಿಯಲ್ಲಿ ‘ಸಿಫ್ರ್’, ಫಿಬೊನಾಚಿ 1202ರಲ್ಲಿ ಬರೆದ ಗಣಿತದ ಪುಸ್ತಕದಲ್ಲಿ ‘ಜೆಫಿರುಮ್’, ಕೊನೆಗೆ ‘ಜೀರೊ’. ಆ ಪದ ತಿರುಗಿ ನಮ್ಮ ಮಾರ್ಕ್ಸ್ ಕಾರ್ಡಿಗೆ ಬಂದಿದೆ, ಯಾರಿಗೂ ಬಾರದಿರಲಿ.

ಇತ್ತ ಬಂದ ಇಟಾಲಿಯನ್ನರೂ ಇದ್ದಾರೆ. ಚಾರ್ಮಾಡಿ ಇಳಿದರೆ ಸಿಗುವ ಮಂಗಳೂರಿಗೆ 1878ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳು ಬಂದರು. ಅವರಲ್ಲಿ ಆಂಜೆಲೊ ಮಫ್ಫೇಯಿ ಎಂಬವರು ಕೊಂಕಣಿ ಕಲಿತು 1882ರಲ್ಲಿ ಕೊಂಕಣಿ ವ್ಯಾಕರಣವನ್ನೇ ಅಚ್ಚು ಹಾಕಿಸಿದರು. ಬೇರೆಯವರ ಮನೆಮಾತಿಗೆ ವ್ಯಾಕರಣವಿದೆ ಎಂದು ನಂಬಿದರೆ ತಾನೇ ಬರೆಯಲು ಸಾಧ್ಯ! ಆದರೆ ನನಗೆ ಹೆಚ್ಚು ಇಷ್ಟವಾದವನು ಅದಕ್ಕೂ ಹಿಂದಿನವನು, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1615ರಲ್ಲಿ ಇಸ್ತಾಂಬುಲಿನಿಂದ ಗೆಳೆಯನಿಗೆ ಕಾಗದ ಬರೆಯುತ್ತ, ಇಲ್ಲಿ ಕಪ್ಪಗಿನ ಒಂದು ಬಿಸಿ ಪಾನೀಯವಿದೆ, ಬರುವಾಗ ತರುತ್ತೇನೆ ಎಂದು ಕಾಫಿಯ ಬಗ್ಗೆ ವಿವರಿಸಿದವನು. ಅವನೇ 1623ರಲ್ಲಿ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನ ಕಾಲದಲ್ಲಿ. ಕಾಫಿ ಬಲ್ಲ ಇಟಾಲಿಯನ್ ಮಲೆನಾಡಿಗೆ ಬಂದಾಗ, ಇಲ್ಲಿನವರು ಹೇಳುವ ಕತೆಯ ಪ್ರಕಾರ, ಮಲೆನಾಡಿಗೆ ಕಾಫಿ ಇನ್ನೂ ಬಂದಿರಲಿಲ್ಲ!

ಆ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿದ. ಒಬ್ಬ ಮಗ್ಗಿಯನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾನೆ. ಉಳಿದವರೂ ಹಾಗೇ ಹಾಡಿ, ಬರೆಯುತ್ತಾರೆ. ಮರಳು ತುಂಬಿದರೆ ಅಳಿಸಿ ಮತ್ತೆ. ಗುರು ಹತ್ತಿರವಿಲ್ಲ. ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತೇವೆ ಎಂದರಂತೆ. ಅವನಿಗೆ ಈ ಪದ್ಧತಿ ಬಹಳ ಹಿಡಿಸಿತು, ವಿವರವಾಗಿ ಬರೆದಿಟ್ಟಿದ್ದಾನೆ.

ನಮ್ಮದೂ ಈಗ ಅದೇ ಪದ್ಧತಿ. ಶುಕ್ರವಾರ ಜುಮ್ಮಾ ಇರುವುದರಿಂದ ಮಧ್ಯಾಹ್ನದ ಬಿಡುವು ಉದ್ದವಾಗಿರುತ್ತದೆ. ಊಟ ಮುಗಿಸಿ ನಾವು ಮೂವರು ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತೇವೆ: ದಖನಿಯ ನಾನು, ಮಲಯಾಳಂನವಳು, ಕನ್ನಡದವಳು. ಪಾರ್ಲೊ ಪಾರ್ಲಿ ಪಾರ್ಲಾ ರಾಗವಾಗಿ ಹೇಳುತ್ತೇವೆ. ಲೈಬ್ರರಿಯನ್ ಮೇಡಂ ಎರಡು ಸಲ ಗದರಿಸಿ, ಮೂರನೇ ಸಲ ಅದರ ಅರ್ಥ ಏನು ಎಂದು ಕೇಳಿದರು. ‘ಞ’ ಮಲಯಾಳಂನವಳ ಜವಾಬ್ದಾರಿ. ಲಿಂಗ ನನ್ನದು. ‘ಅರಬಿಕಾ’, ‘ರೊಬಸ್ಟಾ’ ಎರಡೂ ಸ್ತ್ರೀಲಿಂಗದ ವಿಶೇಷಣಗಳು ಎಂದು ಕಂಡುಹಿಡಿದು, ಇಡೀ ಜಿಲ್ಲೆ ದಿನವೂ ಮಂಡಿಯಲ್ಲಿ ಇಟಾಲಿಯನ್ ವ್ಯಾಕರಣ ಮಾತಾಡುತ್ತಿದೆ ಎಂದು ಘೋಷಿಸಿದವಳು ಕಳಸದವಳು. ಅದು ಲ್ಯಾಟಿನ್ ಕಣೇ ಎಂದರೆ ಕೇಳುವುದಿಲ್ಲ.

ದಾದಿ ಒಂದು ಪದ ಕಲಿತಿದ್ದಾರೆ, ‘ಬಾಸ್ತಾ’. ಸಾಕು ಎಂದರ್ಥ. ನಮ್ಮ ‘ಬಸ್’ಗೂ ಅದಕ್ಕೂ ಸಂಬಂಧವಿಲ್ಲ, ಸುಮ್ಮನೆ ಹಾಗೆ ಕೇಳಿಸುತ್ತದೆ ಅಷ್ಟೇ, ಆದರೆ ದಾದಿ ಅದನ್ನು ಒಪ್ಪುವುದಿಲ್ಲ. ನಮ್ಮ ಪದವನ್ನೇ ಕದ್ದು ಬಾಲ ಹಚ್ಚಿದ್ದಾರೆ ಎನ್ನುತ್ತಾರೆ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅಕ್ಕಿ ಸುರಿಯುವಾಗ ಚೀಲ ತುಂಬಿ ಚೆಲ್ಲತೊಡಗಿತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ದಾದಿ ಜೋರಾಗಿ ‘ಬಾಸ್ತಾ!’ ಎಂದರು. ಅಂಗಡಿಯವರು ಕೈ ನಿಲ್ಲಿಸಿ, ‘ಅದೇನಜ್ಜಿ, ಯಾವ ಭಾಷೆ?’ ಎಂದು ಕೇಳಿದರು. ದಾದಿ ಎರಡು ವರ್ಷದ ನಂತರ ಪೇಟೆಯಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟರು: ‘ಇಟಲಿದು. ನಮ್ದು ಮೊಮ್ಮಗಳು ಕಲೀತು.’ ಅಂಗಡಿಯವರು ನಗಲಿಲ್ಲ. ಇನ್ನೊಂದು ಪದ ಹೇಳಿ ಎಂದರು. ಇನ್ನೊಂದು ಪದ ದಾದಿಗೆ ಬರುತ್ತಿರಲಿಲ್ಲ. ಈ ತಿಂಗಳ ರೇಷನ್ನಿಗೆ ಮೊದಲು ಅಕ್ಕಿಗೂ ಗೋಧಿಗೂ ಕಲಿಸಿಕೊಡು ಎಂದು ಹೇಳಿದ್ದಾರೆ. ಅಕ್ಕಿ ‘ರೀಸೊ’, ಗಂಡು. ಗೋಧಿ ‘ಗ್ರಾನೊ’, ಅದೂ ಗಂಡು.

ಶುಕ್ರವಾರ ನಮ್ಮ ಜೊತೆ ಕೂರಲು ಮನಸ್ಸಿರುವವರು ಒಂದು ನೋಟ್‌ಬುಕ್ ತನ್ನಿ. ಮೆಟ್ಟಿಲ ಮೇಲೆ ಇನ್ನೂ ಐದಾರು ಜನಕ್ಕೆ ಜಾಗವಿದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು ಬಂದರೆ ಇನ್ನೂ ಒಳ್ಳೆಯದು, ಹೋಲಿಸಿ ನೋಡಲು ನಮ್ಮಲ್ಲಿ ಆ ಮೂರೂ ಇಲ್ಲ.